ಫೋನ್ ಹತ್ತಿರವೇ ಇರಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.40

ಮತ್ತೆ ಅದೇ ಹೆಸರಿನ ಕಾಲಂ. ಮೊದಲ ಹೆಸರು, ಮನೆತನದ ಹೆಸರು — ಹಳೇ ಫಾರ್ಮಿನಲ್ಲಿ ಎರಡೂ ಕಡ್ಡಾಯ. ಬಂದರಿನ ಕಡೆಯವರಿಗೆ ಇರೋದೇ ಒಂದು ಹೆಸರು. ಎರಡನೇದು ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗಲ್ಲ, ಕೆಂಪಕ್ಷರದಲ್ಲಿ ಗದರಿಸುತ್ತೆ. ಕಿತ್ತು ಹಾಕಿದೆ. ಒಂದೇ ಡಬ್ಬಿ ಸಾಕು — ‘ನಿಮ್ಮನ್ನ ಏನಂತ ಕರೀಬೇಕು?’

ಇಲ್ಲಿವರೆಗೂ ಎಲ್ಲ ಇಂಗ್ಲಿಷಲ್ಲೇ ಇತ್ತು. ಇನ್ಮೇಲೆ ನಾಲ್ಕು ಭಾಷೆ. ಇಂಗ್ಲಿಷು, ನಮ್ಮದು, ಗುಡ್ಡದ ಕಡೆಯವರದು, ಬಂದರಿನವರದು. ಕಾರಣ ಇದೆ. ನಮ್ಮ ಕಂಪನಿ ಮನೆಮನೆಗೆ ಬಾಡಿಗೆ ಕೊಡೋ ಆಕ್ಸಿಜನ್ ಮಷೀನುಗಳಲ್ಲಿ ಒಂದು ಲಾಟಿನ ಫ್ಯಾನು ಕೆಡ್ತಿದೆ. ಫ್ಯಾನು ನಿಂತರೆ ಮಷೀನು ಬಿಸಿ, ಬಿಸಿಯಾದರೆ ಕೆಂಪು ದೀಪ. ಕೆಂಪು ದೀಪ ಬಂತು ಅಂದ್ರೆ ಆಕ್ಸಿಜನ್ ಅರ್ಧಕ್ಕರ್ಧ. ಅದಕ್ಕೇ ಎಲ್ಲರೂ ವೆಬ್‌ಸೈಟಿನ ಫಾರ್ಮಿನಲ್ಲಿ ಮಷೀನ್ ನಂಬರ್ ಬರೆದು ಕಳಿಸಬೇಕು. ಡೆಸ್ಕಲ್ಲಿ ಕೂರೋ ನರ್ಸ್, ನಮ್ಮ ಸಿಸ್ಟರ್, ಬರೆದೋರಿಗೆಲ್ಲ ಫೋನ್ ಮಾಡ್ತಾರೆ. ಮೆಕ್ಯಾನಿಕ್ ಹೋಗಿ ಬದಲಾಯಿಸಿ ಬರ್ತಾನೆ. ಕೇಳೋಕೆ ಎಷ್ಟು ಸುಲಭ!

‘ಇನ್ನೊಬ್ಬರನ್ನ ಜೊತೆಗೆ ಕೊಡಿ ಸಾರ್’ ಅಂದೆ. ಮ್ಯಾನೇಜರು ‘ಆಗಲಿ ಆಗಲಿ’ ಅಂದ್ರು. ಎಲ್ಲದಕ್ಕೂ ಹಾಗೇ ಅಂತಾರೆ. ಒಂದೂ ಆಗಲ್ಲ. ಆಫೀಸಲ್ಲಿ ಅವರ ಹೆಸರೇ ಆಗ್ಲಿ ಸಾರ್.

ಮಾರ್ಚ್ 5, ಬುಧವಾರ. ಮಧ್ಯಾಹ್ನ 1.15

ಸಿಸ್ಟರ್ ಕೈಲಿ ಚೆನ್ನಾಗಿ ಉಗಿಸಿಕೊಂಡೆ. ಟೆಸ್ಟಿಗೆ ಅಂತ ನಾನು ಕಳಿಸಿದ್ದೆಲ್ಲ ನೇರ ಅವರ ಡೆಸ್ಕಿಗೆ ಹೋಗಿದೆ. ಹೆಸರು ‘ಅಆಇಈ’. ಫೋನ್ ನಂಬರ್ ಕೈಗೆ ಬಂದಿದ್ದು ಒತ್ತಿದ್ದೆ. ಆ ನಂಬರಿಗೆ ನಿಜವಾಗ್ಲೂ ಒಬ್ಬ ಮನುಷ್ಯ ಇದಾನಂತೆ! ಸಿಸ್ಟರ್ ‘ನಿಮ್ಮ ಉಸಿರಾಟ ಹೇಗಿದೆ’ ಅಂತ ಕೇಳಿದಾರೆ. ಅವನು ‘ಚೆನ್ನಾಗಿದೆ, ನಿಮ್ಮದು ಹೇಗಿದೆ’ ಅಂದನಂತೆ. ನಗು ತಡೆಯೋಕಾಗಲಿಲ್ಲ. ಅದಕ್ಕೆ ಇನ್ನಷ್ಟು ಸಿಕ್ತು.

‘ನನ್ನ ಡೆಸ್ಕೇನು ನಿನ್ನ ಆಟದ ಮೈದಾನಾನಾ? ಇಲ್ಲಿ ಬರೋದೆಲ್ಲ ಉಸಿರು ಕಟ್ಟಿಕೊಂಡು ಕೂತಿರೋರು ಬರೆದಿದ್ದು. ಇನ್ನೊಂದ್ಸಲ ನಿನ್ನ ಅಆಇಈ ಬಂದ್ರೆ ನೋಡು.’

ಸರಿ ತಾಯಿ. ಒಂದು ಫಿಲ್ಟರ್ ಹಾಕಿದೆ. ಹೊಸ ಮೂರು ಭಾಷೆಗಳ ಪೇಜಿಂದ ಏನೇ ಬಂದರೂ ಡೆಸ್ಕಿಗೆ ಹೋಗಲ್ಲ, ‘ಟೆಸ್ಟ್’ ಅನ್ನೋ ಫೋಲ್ಡರಿಗೆ ಹೋಗಿ ಬೀಳುತ್ತೆ. ಅದನ್ನ ನೋಡೋಳು ನಾನೊಬ್ಬಳೇ. ಪೇಜ್ ಶುರುವಾದ ದಿನ ತೆಗೆದುಬಿಟ್ಟರಾಯ್ತು.

ಮಾರ್ಚ್ 7, ಶುಕ್ರವಾರ. ಸಂಜೆ 4.30

ಇವತ್ತು ಅನೌನ್ಸರ್ ಅಜ್ಜ ಬಂದಿದ್ರು. ಲಾಂಚ್ ಸ್ಟೇಷನ್ನಲ್ಲಿ ಇಪ್ಪತ್ತೇಳು ವರ್ಷ ಮೈಕ್ ಮುಂದೆ ಕೂತು ಎರಡು ಭಾಷೇಲಿ ದೋಣಿ ಬರೋ ಹೊರಡೋ ಹೊತ್ತು ಹೇಳಿದೋರು. ಬಂದರಿನ ಭಾಷೆಯ ಅನುವಾದ ಇವರದ್ದು. ಬಾಕಿ ಎರಡು ಭಾಷೆ ಸೋಮವಾರಕ್ಕೆ ಸಿದ್ಧ. ಇವರದ್ದು ಮಾತ್ರ ಇನ್ನೂ ಎಳೆದಾಟ. ಬರೆದ ಪ್ರತಿ ಸಾಲನ್ನೂ ಕಿವಿ ಮೇಲೆ ಒಂದು ಕೈ ಇಟ್ಟುಕೊಂಡು ಜೋರಾಗಿ ಓದಬೇಕು. ಪಕ್ಕದ ಟೇಬಲ್ಲಿನವರು ಲಾಂಚ್ ಬಂತಾ ಅಂತ ಕಿಟಕಿ ಕಡೆ ನೋಡಿ ತಮಾಷೆ ಮಾಡಿದ್ರು.

ಕೊನೇ ಸಾಲಲ್ಲಿ ಸಿಕ್ಕಿಕೊಂಡ್ವಿ. ಫಾರ್ಮ್ ಕಳಿಸಿದ ತಕ್ಷಣ ತಾನಾಗೇ ಹೋಗೋ ಉತ್ತರ ಅದು. ‘ನಿಮ್ಮ ಸಂದೇಶವನ್ನು ಸ್ವೀಕರಿಸಲಾಗಿದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಸಂಪರ್ಕಿಸಲಾಗುವುದು.’

‘ಇದ್ಯಾರಮ್ಮ ಮಾತಾಡ್ತಿರೋದು?’ ಅಂದ್ರು ಅಜ್ಜ. ‘ಗೋಡೇನಾ? ನಮ್ಮ ಜನಕ್ಕೆ ಯಾವ ಆಫೀಸೂ ನಮ್ಮ ಭಾಷೇಲಿ ಒಂದು ಅಕ್ಷರ ಬರೆದಿಲ್ಲ. ಮೊದಲನೇ ಸಲ ಬರೀತಿದ್ದೀಯ. ಎದುರಿಗೆ ಕೂತೋರಿಗೆ ಹೇಳೋ ಹಾಗೆ ಬರಿ. ನೀನಾಗಿದ್ರೆ ಏನಂತ ಹೇಳ್ತಿದ್ದೆ?’

ಒಂದು ಗಂಟೆ ಕೂತು ಅವರೇ ಬರೆದ್ರು. ಬರೆದು ನಂಗೆ ನಮ್ಮ ಭಾಷೇಲಿ ಹೇಳಿದ್ರು — ‘ನಿಮ್ಮ ಮಾತು ನಮ್ಮ ಕೈಗೆ ಬಂತು. ನಾಳೆ ಇಷ್ಟು ಹೊತ್ತಿನೊಳಗೆ ನಾವೇ ಫೋನ್ ಮಾಡ್ತೀವಿ. ಫೋನ್ ಹತ್ತಿರವೇ ಇರಿ. ಗಾಬರಿ ಬೇಡ.’

ಎರಡು ಸಲ ಹೇಳಿಸಿಕೊಂಡೆ. ‘ಇದೇ ಇರಲಿ ಅಜ್ಜಾ’ ಅಂದೆ.

ಮಾರ್ಚ್ 10, ಸೋಮವಾರ. ಸಂಜೆ 5.20

ಎರಡು ಭಾಷೆ ಶುರು. ಎರಡರ ಫಿಲ್ಟರೂ ತೆಗೆದೆ. ಮೊದಲನೇ ದಿನವೇ ಒಂಬತ್ತು ಜನ ಬರೆದಿದಾರೆ. ಸಿಸ್ಟರ್ ಮುಖ ಗಂಟು ಹಾಕಿಕೊಂಡೇ ‘ಪರವಾಗಿಲ್ಲ’ ಅಂದ್ರು. ಅವರ ಬಾಯಲ್ಲಿ ಅದು ಸನ್ಮಾನ ಇದ್ದ ಹಾಗೆ.

ಬಂದರಿನದು ನಾಳೆ. ಅಜ್ಜ ಒಂದು ಅಕ್ಷರ ತಿದ್ದಬೇಕಂತೆ.

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 11.50

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತಿದ್ದೀನಿ. ಒಳಗೆ ಚಿಕ್ಕಮ್ಮ. ದವಡೆ ಹಲ್ಲು ಕೀಳ್ತಿದಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿಗೆಲ್ಲ ಲೈನ್ ಕೊಟ್ಟ ಹೆಂಗಸು, ಒಂದು ಹಲ್ಲಿಗೆ ನನ್ನ ಕೈ ಹಿಡಿದು ‘ಲೇ, ಒಳಗೆ ಬಾರೇ’ ಅಂತ ಅಳ್ತಾಳೆ. ನರ್ಸ್ ನನ್ನನ್ನ ಆಚೆ ತಳ್ಳಿದ್ಲು.

ಅಜ್ಜ ತಿದ್ದಿ ಕಳಿಸಿದಾರೆ. ಇಲ್ಲಿಂದಲೇ, ಫೋನಿನಲ್ಲೇ ಬಂದರು ಪೇಜ್ ಶುರು ಮಾಡಿದೆ. ಒಂದು ಟೆಸ್ಟೂ ಕಳಿಸಿದೆ. ತಕ್ಷಣ ಟಿಂಗ್ ಅಂತ ಬಂತು ಅಜ್ಜನ ಉತ್ತರ. ಚೆನ್ನಾಗಿ ಕಾಣ್ತಿದೆ. ಮುಗೀತಪ್ಪ!

ಈ ಪುಸ್ತಕವೂ ಚಿಕ್ಕಮ್ಮಂದೇ. ಎಕ್ಸ್‌ಚೇಂಜ್ ಮುಚ್ಚಿದಾಗ ಮನೆಗೆ ತಂದ ಖಾಲಿ ರಿಜಿಸ್ಟರ್. ತಾರೀಕು, ಗಂಟೆ, ಯಾರಿಂದ, ಯಾರಿಗೆ ಅಂತ ಕಾಲಂಗಳು. ಕೊನೇದು, ‘ಆ ಕಡೆಯಿಂದ ಉತ್ತರ ಬಂತೇ?’ ನಾನು ಎಲ್ಲದರ ಮೇಲೂ ಅಡ್ಡಡ್ಡ ಬರೀತೀನಿ. ಚಿಕ್ಕಮ್ಮ ನೋಡಿದಾಗೆಲ್ಲ ಮೂಗು ಮುರೀತಾಳೆ.

ಒಳಗಿಂದ ಕಿರುಚಿದ್ಲು. ಹೋದೆ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 10.05

ಚಿಕ್ಕಮ್ಮನ ಕೆನ್ನೆ ಇನ್ನೂ ಊದಿದೆ. ಮಾತಾಡೋಕಾಗಲ್ಲ. ಮನೆ ಬಿಕೋ ಅಂತಿದೆ.

ಟೆಸ್ಟ್ ಫೋಲ್ಡರ್ ಪಕ್ಕ 3 ಅಂತ ತೋರಿಸ್ತಿದೆ. ನನ್ನವೇ ಹಳೇವು. ಪುರುಸೊತ್ತಾದಾಗ ಖಾಲಿ ಮಾಡಬೇಕು.

ಮಾರ್ಚ್ 18, ಮಂಗಳವಾರ

ವಿಶೇಷ ಏನಿಲ್ಲ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 11.25

ಬರೆದರೆ ತಲೆ ಸ್ವಲ್ಪ ನಿಲ್ಲುತ್ತೇನೋ.

ಹತ್ತೂವರೆಗೆ ಮೀಟಿಂಗ್. ಸಿಸ್ಟರ್ ಲೆಕ್ಕ ಓದಿದ್ರು — ಇಂಗ್ಲಿಷಿನವರು ಇಷ್ಟು, ಗುಡ್ಡದವರು ಇಷ್ಟು, ಬಂದರಿನವರು ಸೊನ್ನೆ. ‘ಇಪ್ಪತ್ತು ದಿನ ಆಯ್ತು, ಒಬ್ಬರೂ ಬರೆದಿಲ್ಲ. ಅವರ ಮಷೀನೆಲ್ಲ ತಾನಾಗೇ ವಾಸಿ ಆಯ್ತೇನೋ’ ಅಂತ ನಕ್ಕರು. ಆಗ್ಲಿ ಸಾರ್ ‘ಹಾಗಾದ್ರೆ ಆ ಪೇಜ್ ತೆಗೆದುಬಿಡೋಣ, ಆಗಲಿ’ ಅಂದ್ರು.

ಆಗ ನೆನಪಾಯ್ತು. ಫಿಲ್ಟರ್.

ಹಲ್ಲಿನ ಡಾಕ್ಟರ ಬಾಗಿಲು, ಚಿಕ್ಕಮ್ಮನ ಕಿರುಚಾಟ, ಟಿಂಗ್ ಅಂತ ಬಂದ ಉತ್ತರ. ಉತ್ತರ ಬಂತಲ್ಲ ಅಂತ ನಾನು ಖುಷಿಯಾಗಿ ಎದ್ದು ಹೋದೆ. ಆ ಉತ್ತರ ತಾನಾಗೇ ಹೋಗೋದು. ಸಂದೇಶ ಎಲ್ಲಿ ಹೋಗಿ ಬಿತ್ತು ಅಂತ ನೋಡಲೇ ಇಲ್ಲ. ಬಂದರಿನ ಫಿಲ್ಟರ್ ತೆಗೆದೇ ಇಲ್ಲ.

ಸೀಟಿಗೆ ಬಂದೆ. ಟೆಸ್ಟ್ ಫೋಲ್ಡರ್ ಪಕ್ಕ — 12.

ತೆರೀಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಬಾತ್‌ರೂಮಲ್ಲಿ ಕೂತು ಬರೀತಿದ್ದೀನಿ. ಅಯ್ಯೋ ದೇವರೇ.

ಮಾರ್ಚ್ 31. ಮಧ್ಯಾಹ್ನ 3.10

ತೆರೆದೆ.

ಒಂದು ನನ್ನದು. ಬಾಕಿ ಹನ್ನೊಂದು ಜನರದ್ದು… ಅಲ್ಲ, ಏಳು ಜನರದ್ದು. ಒಂದೇ ನಂಬರಿಂದ ಐದು ಬಂದಿವೆ. ತಾರೀಕು 13, 14, 15, 17, 18. ಮಷೀನ್ ನಂಬರ್ ನೋಡಿದೆ. ಕೆಟ್ಟ ಲಾಟಿನದೇ.

ನಂಗೆ ಆ ಭಾಷೆ ಬರಲ್ಲ. ಲಿಪಿ ನೋಡಿದರೆ ಸುತ್ತಿಟ್ಟ ಹಗ್ಗದ ಥರ. ಆದರೆ ಓದೋಕೆ ಬರದಿದ್ದರೂ ಕಣ್ಣಿಗೆ ಕಾಣುತ್ತಲ್ಲ. ಮೊದಲನೇದು ಆರು ಸಾಲು. ಎರಡನೇದು ನಾಲ್ಕು. ಮೂರನೇದೂ ನಾಲ್ಕು. ಆಮೇಲೆ ಒಂದು ಸಾಲು. ಹದಿನೆಂಟನೇ ತಾರೀಕಿಂದು ಒಂದೇ ಒಂದು ಶಬ್ದ.

ಅದಾದ ಮೇಲೆ ಏನೂ ಇಲ್ಲ.

ಮೊದಲನೇದನ್ನ ಇಂಟರ್ನೆಟ್ಟಿನ ಅನುವಾದಕ್ಕೆ ಹಾಕಿದೆ. ‘ಅಣ್ಣ ಕೆಂಪು ದೋಣಿಬಟ್ಟೆ ಮನೆ ಹಗಲು’ ಅಂತ ಬಂತು. ಅಣ್ಣ. ಕೆಂಪು. ಅಷ್ಟು ಸಾಕು. ಯಾರದ್ದೋ ಅಣ್ಣನ ಮಷೀನಿಗೆ ಕೆಂಪು ದೀಪ ಬಂದಿದೆ. ಅವನು ಬದುಕಿದ್ದಾನಾ?

ಐದು ಸಲ ಬರೆದಾಗಲೂ ಐದು ಸಲ ಉತ್ತರ ಹೋಗಿದೆ. ಗಾಬರಿ ಬೇಡ ಅಂತ.

ಹೋಗಿ ಸಿಸ್ಟರಿಗೆ ಹೇಳಬೇಕು. ಈಗಲೇ. ಎದ್ದೆ. ಅವರ ಬಾಗಿಲ ತನಕ ಹೋದೆ. ಅವರು ತಲೆ ಎತ್ತಿ ‘ಏನು?’ ಅಂದ್ರು. ‘ಪೆನ್ ಇದೆಯಾ?’ ಅಂದೆ. ಪೆನ್ ಕೊಟ್ಟರು.

ಏಪ್ರಿಲ್ 1, ಮಂಗಳವಾರ. ಬೆಳಿಗ್ಗೆ 9.15

ಬರೀಲಾ ಬೇಡವಾ. ಬರೀತೀನಿ. ಯಾರು ಓದೋರಿದಾರೆ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಫಿಲ್ಟರ್ ತೆಗೆದೆ. ಫೋಲ್ಡರಿನಲ್ಲಿ ‘ಮತ್ತೆ ಕಳಿಸು’ ಅಂತ ಒಂದು ಬಟನ್ ಇದೆ. ಅದನ್ನ ಒತ್ತಿದರೆ ಸಂದೇಶ ಡೆಸ್ಕಿಗೆ ಹೋಗುತ್ತೆ. ಇವತ್ತಿನ ತಾರೀಕಿನಲ್ಲಿ. ಈಗ ತಾನೇ ಬಂದ ಹಾಗೆ.

ಆರು ಜನರದ್ದು ಒತ್ತಿದೆ.

ಐದು ಸಲ ಬರೆದವರದ್ದು ಐದೂ ಒಂದೇ ದಿನ ಹೋದರೆ ಸಿಸ್ಟರ್ ಕೇಳ್ತಾರೆ. ಕೊನೇದು ಮಾತ್ರ ಒತ್ತಿದೆ. ಆ ಒಂದೇ ಶಬ್ದದ್ದು. ನಾಲ್ಕು ನನ್ನ ಹತ್ತಿರವೇ ಉಳಿದಿವೆ.

ನಾನು ಇಂಥೋಳು ಅಂತ ನಂಗೇ ಗೊತ್ತಿರಲಿಲ್ಲ. ಥೂ.

ಏಪ್ರಿಲ್ 1. ಸಂಜೆ 4.50

ಅಜ್ಜನ್ನ ಕರೆಸಿದ್ರು. ಅವರು ಡೆಸ್ಕಲ್ಲಿ ಕೂತು ಒಂದೊಂದೇ ನಂಬರಿಗೆ ಫೋನ್ ಮಾಡಿದ್ರು. ನಾನು ಪ್ರಿಂಟರ್ ಹತ್ತಿರ ಸುಮ್ಮನೆ ಕಾಗದ ಜೋಡಿಸ್ತಾ ನಿಂತಿದ್ದೆ. ಪ್ರತಿ ಸಲ ಆ ಕಡೆ ‘ಹಲೋ’ ಅಂದಾಗ ನನ್ನ ಜೀವ ಒಂದಿಷ್ಟು ವಾಪಸ್ ಬರ್ತಿತ್ತು. ಆರೂ ಜನ ಸಿಕ್ಕಿದ್ರು. ಒಬ್ಬರ ಮಷೀನ್ ಬಿಸಿಯಾಗೇ ಇಲ್ಲ. ಒಬ್ಬರು ಕಾದು ಕಾದು ಬೇರೆ ಕಡೆ ಬಾಡಿಗೆ ತಗೊಂಡಿದಾರೆ. ಒಬ್ಬ ಅಜ್ಜಿ ಅಜ್ಜನ ದನಿ ಗುರುತು ಹಿಡಿದು ‘ಲಾಂಚ್ ಸ್ಟೇಷನ್ನಿನವರಾ!’ ಅಂತ ಕಿರುಚಿದ್ಲಂತೆ.

ಏಳನೇದು — ಸ್ವಿಚ್ ಆಫ್.

‘ಇದರಲ್ಲಿ ಏನು ಬರೆದಿದೆ?’ ಅಂತ ಸಿಸ್ಟರ್ ಕೇಳಿದ್ರು.

‘ಇದ್ದೀನಿ, ಅಂತ.’

‘ಎಲ್ಲಿ ಇದ್ದೀನಂತೆ?’

‘ಅಷ್ಟೇ ಇರೋದಮ್ಮ. ಇದ್ದೀನಿ.’

ಸಿಸ್ಟರ್ ಹುಬ್ಬು ಏರಿಸಿದ್ರು. ಮೂರು ದಿನ, ದಿನಕ್ಕೊಂದು ಸಲ ಫೋನ್ ಮಾಡೋದು, ಸಿಗದಿದ್ದರೆ ಮುಚ್ಚೋದು — ಡೆಸ್ಕಿನ ನಿಯಮ. ‘ಮೊದಲನೇ ಸಲ’ ಅಂತ ಬರೆದುಕೊಂಡ್ರು. ಆಮೇಲೆ ನನ್ನ ಕಡೆ ತಿರುಗಿ, ‘ವಿಚಿತ್ರ ಅಲ್ವಾ? ಇಷ್ಟು ದಿನ ಒಬ್ಬರೂ ಇಲ್ಲ, ಇವತ್ತು ಮಾತಾಡಿಕೊಂಡ ಹಾಗೆ ಏಳು ಜನ.’

‘ಹ್ಞೂಂ ಸಿಸ್ಟರ್’ ಅಂದೆ. ಮತ್ತೆ ಕಾಗದ ಜೋಡಿಸಿದೆ.

ಏಪ್ರಿಲ್ 2, ಬುಧವಾರ. ಸಂಜೆ 7.00

ಎರಡನೇ ಸಲವೂ ಸ್ವಿಚ್ ಆಫ್.

ಊಟ ಸೇರಲಿಲ್ಲ. ಚಿಕ್ಕಮ್ಮನ ಬಾಯಿ ಸರಿಯಾಗಿದೆ, ಅಂದ್ರೆ ನಂಗೆ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ. ‘ಏನೇ ಅದು, ದೆವ್ವ ನೋಡಿದೋಳ ಥರ ಕೂತಿದ್ದೀಯ? ಕೆಲಸ ಹೋಯ್ತಾ?’

‘ಇಲ್ಲ.’

‘ಯಾರಾದ್ರೂ ಸತ್ತರಾ?’

ಬಾಯಿ ತೆರೆದೆ. ಅಳು ಬಂತು. ಎಲ್ಲ ಹೇಳಿದೆ. ಫಿಲ್ಟರು, ಹನ್ನೆರಡು, ಬಟನ್ನು, ನನ್ನ ಹತ್ತಿರ ಉಳಿದ ನಾಲ್ಕು. ಬೈತಾಳೆ ಅಂದುಕೊಂಡೆ. ಬೈಲಿಲ್ಲ. ಅದಕ್ಕೆ ಇನ್ನೂ ಭಯ ಆಯ್ತು.

ಈ ರಿಜಿಸ್ಟರನ್ನ ಎಳೆದುಕೊಂಡು ಕೊನೇ ಕಾಲಂ ಮೇಲೆ ಬೆರಳಿಟ್ಟಳು. ‘ಇದು ಯಾಕಿದೆ ಗೊತ್ತಾ? ಸೇರಿದ ಹೊಸದರಲ್ಲಿ ಒಂದು ಟ್ರಂಕ್ ಕಾಲಿಗೆ ಲೈನ್ ಕೊಟ್ಟು, ರಿಂಗ್ ಆಗ್ತಿದೆ ಅಂತ ಹೇಳಿ, ನಾನು ಟೀ ಕುಡಿಯೋಕೆ ಎದ್ದು ಹೋದೆ. ಆ ಕಡೆ ಲೈನ್ ಸತ್ತು ಬಿದ್ದಿತ್ತು. ಈ ಕಡೆಯವನು ರಿಸೀವರ್ ಹಿಡಿದು ಒಂದು ಗಂಟೆ ನಿಂತಿದ್ದ. ಹೆಂಡತಿಗೆ ಹೆರಿಗೆ ಆಯ್ತಾ ಅಂತ ಕೇಳೋಕೆ. ನಮ್ಮ ಸೂಪರ್‌ವೈಸರಮ್ಮ ನನ್ನನ್ನ ಕರೆದುಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿದ್ರು. ಹೇಳು, ಅಂದ್ರು. ಅವತ್ತಿಂದ ಆ ಕಡೆ ಹಲೋ ಅನ್ನೋವರೆಗೂ ನಾನು ಲೈನಿಂದ ಕಿವಿ ತೆಗೆದಿಲ್ಲ ಕಣೇ.’

‘ಅವನು ಏನಂದ?’

‘ಅದು ನಿಂಗೆ ಬೇಡ. ನಾನು ಹೋಗಿ ನಿಂತೆ. ಅಷ್ಟು ತಿಳ್ಕೋ.’

ನಂಗೆ ಭಯ ಆಗ್ತಿದೆ ಚಿಕ್ಕಮ್ಮಾ, ಅಂದೆ. ‘ಆಗಲಿ ಬಿಡು’ ಅಂದಳು. ‘ಆಗಬೇಕಾದ್ದೇ.’

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 8.30

ಲಾಂಚ್ ಸ್ಟೇಷನ್ನಿನ ಬೆಂಚು. ಅಜ್ಜ ದಿನಾ ಬೆಳಿಗ್ಗೆ ಇಲ್ಲೇ ಬಂದು ಕೂರ್ತಾರೆ, ಈಗಿನ ರೆಕಾರ್ಡ್ ದನಿಗೆ ಬೈಯೋಕೆ. ಐದೂ ಪ್ರಿಂಟ್ ತೆಗೆದುಕೊಂಡು ಬಂದೆ. ಮೊದಲು ನಡೆದಿದ್ದು ಹೇಳಿದೆ. ಕೈ ಚಾಚಿದ್ರು. ಕಿವಿ ಮೇಲೆ ಕೈ ಇಡದೆ, ಮೆಲ್ಲಗೆ ಓದಿದ್ರು. ಅವರು ಹೇಳಿದ್ದನ್ನ ಹಾಗೇ ಬರೆದುಕೊಂಡೆ.

13: ‘ಮಷೀನಿನಲ್ಲಿ ಕೆಂಪು ದೀಪ ಬಂದಿದೆ. ಮಷೀನು ನಮ್ಮ ಅಣ್ಣಂದು. ನಾನು ತಂಗಿ. ದೋಣಿಗೆ ಹೊದಿಸೋ ಟಾರ್ಪಾಲ್ ಹೊಲೀತೀನಿ, ಹಗಲೆಲ್ಲ ಮನೇಲೇ ಇರ್ತೀನಿ. ಯಾವಾಗ ಬೇಕಾದ್ರೂ ಫೋನ್ ಮಾಡಿ. ನಮ್ಮ ಭಾಷೇಲಿ ಬರೆದಿದ್ದಕ್ಕೆ ಉಪಕಾರ ಆಯ್ತು.’

14: ‘ನಿನ್ನೆ ಬರೆದಿದ್ದೆ. ಹೊಲಿಗೆ ಮಷೀನಿನ ಸದ್ದಿಗೆ ನಿಮ್ಮ ಫೋನ್ ಕೇಳಿಸಲಿಲ್ವೋ ಏನೋ. ಇವತ್ತು ಹೊಲಿಯೋದು ನಿಲ್ಲಿಸಿದೀನಿ. ಈಗ ಮಾಡಿ.’

15: ‘ಅಣ್ಣಂಗೆ ಮಲಗೋಕಾಗ್ತಿಲ್ಲ, ಕೂತೇ ಇದಾನೆ. ಪಕ್ಕದ ಮನೆಯವರು ಆಸ್ಪತ್ರೆಗೆ ಹೋಗೋಣ ಅಂತಾರೆ. ನಾವು ಹೊರಟ ಮೇಲೆ ನೀವು ಬಂದರೆ? ನೆಂಟರಿಗೆಲ್ಲ ಫೋನ್ ಮಾಡಬೇಡಿ ಅಂದಿದೀನಿ, ಲೈನ್ ಖಾಲಿ ಇರಲಿ ಅಂತ.’

17: ‘ಫೋನ್ ಹತ್ತಿರವೇ ಇದ್ದೀನಿ. ದಯವಿಟ್ಟು.’

18: ‘ಇದ್ದೀನಿ.’

ಅಜ್ಜ ಕಾಗದ ಮಡಚಿದ್ರು. ‘ನನ್ನ ಮಾತು’ ಅಂದ್ರು. ‘ಫೋನ್ ಹತ್ತಿರವೇ ಇರಿ. ನಾನು ಬರೆದ ಮಾತು ಕೇಳಿಕೊಂಡು ಕೂತಿದಾಳೆ.’

‘ನಿಮ್ಮದೇನೂ ತಪ್ಪಿಲ್ಲ ಅಜ್ಜಾ.’

‘ಗೋಡೆ ಥರಾನೇ ಬರೆದಿದ್ರೆ ನಂಬ್ತಿರಲಿಲ್ಲ. ಎದ್ದು ಆಸ್ಪತ್ರೆಗೆ ಹೋಗ್ತಿದ್ಲು.’

ಪೇಜಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ‘ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗಿ’ ಅಂತ ಇದೆ. ಅಷ್ಟು ಸಣ್ಣದಾಗಿ ಹಾಕಿದ್ದೂ ನಾನೇ.

ಏಪ್ರಿಲ್ 3. ಮಧ್ಯಾಹ್ನ 12.40

ಹೇಳಿದೆ. ಇಬ್ಬರಿಗೂ. ಒಟ್ಟಿಗೆ. ನಿಂತುಕೊಂಡೇ.

ಆಗ್ಲಿ ಸಾರ್ ಮುಖ ಬಿಳಚಿಕೊಂಡಿತು. ಬಾಗಿಲು ಹಾಕಿ ಬಂದ್ರು. ‘ಯಾರೂ ಬಾಯಿ ಬಿಡಬೇಡಿ. ಕೇಳಿದರೆ ನೆಟ್‌ವರ್ಕ್ ಕೆಟ್ಟಿತ್ತು ಅನ್ನಿ.’ ನಾನು ‘ಮನೆಗೇ ಹೋಗ್ತೀನಿ ಸಾರ್’ ಅಂದೆ. ಮೊದಲನೇ ಸಲ ಅವರು ಆಗಲಿ ಅನ್ನಲಿಲ್ಲ.

ಸಿಸ್ಟರ್ ಕಂಪ್ಯೂಟರಿನಲ್ಲಿ ಮಷೀನ್ ನಂಬರ್ ಹಾಕಿ ವಿಳಾಸ ಹುಡುಕಿದ್ರು. ಚೀಟೀಲಿ ಬರೆದ್ರು. ಇವತ್ತಿನ ಫೋನೂ ಮಾಡಿ ನೋಡಿದ್ರು, ಮೂರನೇ ಸಲ. ಸ್ವಿಚ್ ಆಫ್.

‘ಮುಚ್ಚಲ್ಲ’ ಅಂದ್ರು. ‘ಹೋಗಿ ಬಾ. ನಿಂಗೆ ಬೈಯೋದು ಆಮೇಲೆ ಇದೆ.’

ಆ ಕಡೆಗೆ ಇವತ್ತು ಲಾಂಚ್ ಇಲ್ಲ. ಅಜ್ಜನ ಜೊತೆ ನಾಳೆ.

ಏಪ್ರಿಲ್ 4, ಶುಕ್ರವಾರ. ಮಧ್ಯಾಹ್ನ 2.10

ಲಾಂಚಿನಲ್ಲಿ. ಅಜ್ಜ ಎದುರಿಗೆ ಕಣ್ಣು ಮುಚ್ಚಿ ಕೂತಿದಾರೆ.

ಅವನು ಆಸ್ಪತ್ರೆಯಲ್ಲಿರಬಹುದು. ಅದಕ್ಕೇ ಫೋನ್ ಆಫ್. ತಂಗಿ ಅಲ್ಲೇ ಇರಬಹುದು. ಚಾರ್ಜರ್ ಮರೆತು ಹೋಗಿರಬಹುದು. ಎಷ್ಟೊಂದು ಇರಬಹುದು. ಒಂದೊಂದನ್ನೂ ಹತ್ತು ಸಲ ಹೇಳಿಕೊಂಡೆ.

ಏಪ್ರಿಲ್ 4. ಸಂಜೆ 4.05

ಅವಳ ಮನೇಲಿ ಕೂತು ಬರೀತಿದ್ದೀನಿ. ಕೂರು ಅಂದಿದಾಳೆ, ಕೂತಿದ್ದೀನಿ. ಮೊದಲಿಂದ ಬರೀತೀನಿ, ಕೈಗೆ ಏನಾದ್ರೂ ಕೆಲಸ ಬೇಕು.

ನೀರಿನ ಕಡೆಗೆ ಬಾಗಿಲಿರೋ ಎರಡು ಕೋಣೆ. ಒಳಗಿಂದ ಹೊಲಿಗೆ ಮಷೀನಿನ ಸದ್ದು ಬರ್ತಿತ್ತು. ಬಾಗಿಲು ತಟ್ಟಿದೆ. ನಿಂತಿತು. ಐವತ್ತೈದರ ಹತ್ತಿರದ ಹೆಂಗಸು, ಬೆರಳಿಗೆಲ್ಲ ಬಟ್ಟೆಪಟ್ಟಿ ಸುತ್ತಿಕೊಂಡಿದಾಳೆ. ಅಜ್ಜ ಕಂಪನಿ ಹೆಸರು ಹೇಳಿದ್ರು. ಅವಳು ತಲೆ ಆಡಿಸಿ ಪಕ್ಕಕ್ಕೆ ಸರಿದಳು.

ಬಾಗಿಲ ಹಿಂದೇನೇ ನಮ್ಮ ಆಕ್ಸಿಜನ್ ಮಷೀನು. ಅದಕ್ಕೆ ಹೊಸ ಟಾರ್ಪಾಲಿನ ಕವರ್ ಹೊಲಿದು ಹೊದಿಸಿದಾಳೆ. ಅಳತೆಗೆ ಸರಿಯಾಗಿ, ಮೂಲೆಗಳಿಗೆ ಎರಡೆರಡು ಹೊಲಿಗೆ. ಕೊಳವೆ ಸುತ್ತಿ ದಾರದಿಂದ ಕಟ್ಟಿದಾಳೆ.

ಆಗಲೇ ಗೊತ್ತಾಯ್ತು. ಆದರೂ ಅಜ್ಜ ಕೇಳಿದ್ರು.

‘ತಗೊಂಡು ಹೋಗೋಕೆ ಬಂದ್ರಾ ಅಂತ ಕೇಳ್ತಿದಾಳೆ’ ಅಂದ್ರು ಅಜ್ಜ. ‘ಒರೆಸಿ ಇಟ್ಟಿದಾಳಂತೆ. ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ… ಕೂತಲ್ಲೇ ಅಂತೆ.’

ಗೋಡೆ ಹಿಡ್ಕೊಂಡೆ.

ಅವಳು ಮಾತಾಡ್ತಾನೇ ಇದ್ದಳು, ಸಣ್ಣ ದನಿಯಲ್ಲಿ, ಕೋಪವೇ ಇಲ್ಲದೆ. ಅಜ್ಜ ಒಂದೊಂದೇ ತುಂಡು ನಂಗೆ ಹೇಳ್ತಿದ್ರು. ಅಣ್ಣ ದೋಣಿಗಳಿಗೆ ಬಣ್ಣ ಹೊಡೀತಿದ್ದನಂತೆ. ನಮ್ಮ ಉತ್ತರ ಬಂದಾಗೆಲ್ಲ ಅವಳ ಹತ್ತಿರ ಓದಿಸಿ ಕೇಳ್ತಿದ್ದನಂತೆ. ‘ನೋಡು, ನಮ್ಮ ಭಾಷೇಲಿ ಬರೆದಿದಾರೆ, ಇವರು ಮಾಡೇ ಮಾಡ್ತಾರೆ, ಇಲ್ಲೇ ಕೂರೋಣ’ ಅಂದಿದ್ದು ಅವನೇ ಅಂತೆ. ಅವನು ಹೋದ ಮೇಲೆ ಫೋನ್ ಆಫ್ ಮಾಡಿ ಹೊಲಿಗೆ ಮಷೀನಿನ ಡ್ರಾಯರಲ್ಲಿ ಹಾಕಿದಾಳೆ. ‘ನಿಮಗೂ ಎಷ್ಟು ಕೆಲಸವೋ, ಲೈನ್ ಸಿಕ್ಕಿರಲಿಕ್ಕಿಲ್ಲ’ ಅಂತಿದಾಳಂತೆ. ನಮಗೆ ಸಮಾಧಾನ ಹೇಳ್ತಿದಾಳೆ!

‘ಹೇಳಿ ಅಜ್ಜಾ’ ಅಂದೆ. ‘ಲೈನ್ ಸರಿಯಾಗಿತ್ತು. ಅವಳು ಬರೆದಿದ್ದೆಲ್ಲ ನನ್ನ ಹತ್ತಿರ ಬಂದು ಬಿದ್ದಿತ್ತು. ನಾನು ತೆರೆದು ನೋಡಲಿಲ್ಲ. ಆಮೇಲೆ ಮುಚ್ಚಿಡೋಕೂ ನೋಡಿದೆ. ಹೇಳಿ.’

‘ಬೇಡಮ್ಮ’ ಅಂದ್ರು. ಕಣ್ಣಲ್ಲಿ ನೀರು. ‘ಅವಳು ಹಾಗೇ ನಂಬಿಕೊಂಡಿರಲಿ. ಯಾರಿಗೇನು ನಷ್ಟ.’

ನಂಗೂ ಅದೇ ಬೇಕಿತ್ತು. ಎಷ್ಟು ಬೇಕಿತ್ತು ಅಂತ ಬರೀತೀನಿ ಇಲ್ಲಿ. ಮಷೀನ್ ಎತ್ತಿಕೊಂಡು, ಕೈ ಮುಗಿದು, ಐದೂವರೆ ಲಾಂಚಿಗೆ ಹೋಗಿಬಿಡಬಹುದಿತ್ತು.

‘ಹೇಳಿ’ ಅಂದೆ. ಅವರು ಹೇಳಲಿಲ್ಲ. ಚೀಲದಿಂದ ಐದೂ ಕಾಗದ ತೆಗೆದು ನಾನೇ ಅವಳ ಮುಂದೆ ಇಟ್ಟೆ. ನನ್ನ ಎದೆ ಮುಟ್ಟಿ ತೋರಿಸಿದೆ. ಆಗ ಅಜ್ಜ ಹೇಳಿದ್ರು. ಎಲ್ಲ.

ಅವಳು ಕಾಗದ ಎಣಿಸಿದಳು. ಒಂದು ಪ್ರಶ್ನೆ ಕೇಳಿದಳು.

‘ಐದೂನಾ, ಅಂತ.’

‘ಐದೂ.’

ಎದ್ದಳು. ಡ್ರಾಯರಿಂದ ಫೋನ್ ತೆಗೆದು ಚಾರ್ಜಿಗೆ ಹಾಕಿದಳು. ಕಿಟಕಿ ಪಕ್ಕದ ಕುರ್ಚಿ ಎಳೆದು, ಮುಂದೆ ಸ್ಟೂಲಿನ ಮೇಲೆ ಫೋನ್ ಇಟ್ಟು, ನನ್ನನ್ನ ನೋಡಿದಳು. ಹದಿಮೂರರಿಂದ ಹದಿನೆಂಟರವರೆಗೆ ಅವಳು ಕೂತಿದ್ದ ಕುರ್ಚಿ ಅಂತೆ. ಅವಳು ಕರೆಯೋವರೆಗೂ ನಾನು ಇಲ್ಲೇ ಕೂರಬೇಕಂತೆ. ಅಜ್ಜನಿಗೆ ಆಚೆ ಹೋಗೋಕೆ ಹೇಳಿದಳು. ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

4.30

ಫೋನಿಗೆ ಜೀವ ಬಂದಿದೆ. ನಮ್ಮ ಡೆಸ್ಕಿಂದ ಮಾಡಿದ ಮೂರು ಮಿಸ್ಡ್ ಕಾಲಿನ ಮೆಸೇಜು ಸಾಲಾಗಿ ಬಂದು ನಿಂತಿವೆ. ಒಳಗಿಂದ ಒಂದು ಸದ್ದಿಲ್ಲ. ಏನು ಮಾಡ್ತಿದಾಳೆ?

4.50

ಕಿಟಕೀಲಿ ಅಜ್ಜ ಕಾಣ್ತಾರೆ, ಮೆಟ್ಟಿಲ ಮೇಲೆ, ತಲೆ ಮೇಲೆ ಕೈ ಹೊತ್ತು. ಎದ್ದು ಹೋಗಬಹುದು. ಬಾಗಿಲು ತೆರೆದೇ ಇದೆ. ನಲವತ್ತೈದು ನಿಮಿಷಕ್ಕೇ ಹೀಗಿದೆ. ಅವಳು ಆರು ದಿನ…

5.25

ಐದೂವರೆ ಲಾಂಚಿನ ಹಾರ್ನ್. ಅಜ್ಜ ತಿರುಗಿ ನೋಡಿದ್ರು. ತಲೆ ಅಲ್ಲಾಡಿಸಿದೆ. ಹೋಗಲ್ಲ.

5.40

ಒಳಗೆ ಹೆಜ್ಜೆ ಸದ್ದು. ಬಾಗಿಲ ತನಕ ಬಂತು. ಅಲ್ಲೇ ನಿಂತಿದೆ. ಉಸಿರು ಕೇಳಿಸ್ತಿದೆ, ಅವಳದೋ ನನ್ನದೋ.

ಅವರ ಭಾಷೇಲಿ ನಂಗೆ ಗೊತ್ತಿರೋದು ಒಂದೇ ಶಬ್ದ. ಅಜ್ಜನ ಬಾಯಿಂದ ಕೇಳಿ ಕಲ್ತಿದ್ದು. ಹೇಳಿದೆ, ಬಾಗಿಲ ಕಡೆ ನೋಡಿ. ಇದ್ದೀನಿ.

ಚಿಲಕ ತೆಗೆದ ಸದ್ದು.